ನಲವತ್ತು ಕೈಗಳ ನಾಣ್ಯ

ಅವಳ ಕೈಲಾಗುವುದಿಲ್ಲ ಎಂದು ಮೊದಲು ಹೇಳಿದವಳು ಅವಳ ಅಕ್ಕ. ಆಮೇಲೆ ಬಾಗಿಲ ಬಡಗಿ ಹೇಳಿದ. ಅವನು ಅಳತೆಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, ಅವಳ ಮನೆಯ ಬರಿ ಚೌಕಟ್ಟನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, ಅಳತೆ ತೆಗೆಯುವ ಗೋಜಿಗೂ ಹೋಗದೆ ಹೇಳಿದ. ಕೊನೆಗೆ ಹೇಳಿದವನು, ಅವಳು ಪಾತ್ರೆ ತಿಕ್ಕುತ್ತಿದ್ದ ಚೀಟಿಮನೆಯ ಯಜಮಾನ. ಅವನ ಮಾತು ಅವಳಿಗೆ ಎಲ್ಲರ ಮಾತಿಗಿಂತ ಹೆಚ್ಚು ನಾಟಿತು, ಯಾಕೆಂದರೆ ಅವನು ಅದನ್ನು ಕನಿಕರದಿಂದ ಹೇಳಿದ.

"ನಿನ್ನ ಕೈಲಿ ಆಗೋದಲ್ಲ ಬಿಡೇ. ಬಾಗಿಲು ಅನ್ನೋದು ಕೂತು ಕಾಯೋರಿಗೆ. ನಿನಗೆ ಕೂರೋಕೆ ಪುರುಸೊತ್ತೆಲ್ಲಿದೆ?"

ಅವಳು ತಿಕ್ಕುತ್ತಿದ್ದ ಹಂಡೆಯಿಂದ ತಲೆ ಎತ್ತಲಿಲ್ಲ. "ನೋಡೋಣ ಯಜಮಾನ್ರೇ," ಎಂದಳು. ಆ ದಿನ ಆ ಹಂಡೆಯನ್ನು ಅವಳು ಎಷ್ಟು ತಿಕ್ಕಿದಳೆಂದರೆ ಅದರಲ್ಲಿ ಯಜಮಾನನ ಮನೆಯ ತೊಲೆಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣಿಸಿದವು.

ಆ ಊರಲ್ಲಿ ಬಾಗಿಲು ಕೊಂಡುಕೊಳ್ಳುವ ವಸ್ತುವಾಗಿರಲಿಲ್ಲ. ಗೋಡೆ ಯಾರು ಬೇಕಾದರೂ ಕಟ್ಟಬಹುದಿತ್ತು, ಸೂರು ಯಾರು ಬೇಕಾದರೂ ಹೊದಿಸಬಹುದಿತ್ತು. ಬಾಗಿಲು ಮಾತ್ರ ಹಳೆಯದನ್ನು ಕೂಡಿಟ್ಟು ಕಾಪಾಡುವವರಿಗೆ. ಕೂಡಿಡುವುದಾದರೆ ಕಾಗದ ಇಲ್ಲವೇ ಲೋಹ. ಕಾಗದವೆಂದರೆ ಅಂಚೆಚೀಟಿ, ಲೋಹವೆಂದರೆ ನಾಣ್ಯ. ಒಂದೇ ಹೊಸ್ತಿಲೊಳಗೆ ಎರಡೂ ಇರುವಂತಿರಲಿಲ್ಲ. ಕೂಡಿಟ್ಟದ್ದು ಮೂವತ್ತಕ್ಕೆ ಒಂದು ಕಡಿಮೆಯಾದರೂ ಬಾಗಿಲಿಲ್ಲ. ಬಾಗಿಲಿಲ್ಲದವರು ಚೌಕಟ್ಟಿಗೆ ಹಳೆಯ ಸೀರೆ ಇಳಿಬಿಟ್ಟುಕೊಂಡು ಬದುಕಬೇಕಿತ್ತು.

ಹಳೆಯ ಸೀರೆಯ ಹಿಂದೆ ಬದುಕುವುದೆಂದರೆ ಏನೆಂದು ಬಾಗಿಲಿದ್ದವರಿಗೆ ಗೊತ್ತಿರಲಿಲ್ಲ. ಗಾಳಿ ಬಂದರೆ ಬೀದಿಗೆ ನಿಮ್ಮ ಒಲೆ ಕಾಣುತ್ತದೆ. ಹೋಗುವವರು ನಿಂತು ಒಳಗಿನ ಮಾತಿಗೆ ಉತ್ತರ ಕೊಡುತ್ತಾರೆ. ನಾಯಿ ಬಂದು ಅನ್ನ ಮೂಸಿ ಹೋಗುತ್ತದೆ. ಬಾಗಿಲಿಲ್ಲದ ಮನೆಯವರು ಪಿಸುದನಿಯಲ್ಲಿ ಜಗಳವಾಡುತ್ತಾರೆ, ಪಿಸುದನಿಯಲ್ಲಿ ಅಳುತ್ತಾರೆ. ಬೇರೆಯವರ ಪಾತ್ರೆ ತಿಕ್ಕಿ ಬದುಕುತ್ತಿದ್ದ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು: ಸಂಜೆ ಮನೆಗೆ ಬಂದು, ಒಳಗಿನಿಂದ ಅಗಳಿ ಹಾಕಿಕೊಂಡು, ಗಟ್ಟಿಯಾಗಿ ಉಸಿರು ಬಿಡುವುದು.

ವರ್ಷಕ್ಕೊಮ್ಮೆ ಅಂಗೈ ಹಬ್ಬ ಬರುತ್ತಿತ್ತು. ಆ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಾಗಿಲಿದ್ದವರು, ಬಾಗಿಲು ಬೇಕೆನ್ನುವವರು ಎಲ್ಲ ತಾವು ಕೂಡಿಟ್ಟದ್ದನ್ನು ಜಗಲಿಯ ಮೇಲೆ ಹರಡಿಕೊಂಡು ಕೂರಬೇಕು. ಊರಿನ ಯಾರೇ ಬಂದು ಅಂಗೈ ಚಾಚಿ "ಕೊಡಿ" ಎಂದರೆ, ಕೇಳಿದ್ದನ್ನು ಕೇಳಿದವರ ಅಂಗೈ ಮೇಲೆ ಇಡಬೇಕು. ಕೈ ಒದ್ದೆಯಿರಲಿ, ಮಣ್ಣಾಗಿರಲಿ, ಇಲ್ಲ ಎನ್ನುವಂತಿಲ್ಲ. ಹಿಡಿದವರು ನೋಡಿ ಹಿಂತಿರುಗಿಸುತ್ತಾರೆ. ಸೂರ್ಯ ಮುಳುಗುವವರೆಗೆ ಕೂತವರು ಜಗಲಿಯಿಂದ ಕಾಲು ಕೆಳಗಿಡಬಾರದು. ಇಟ್ಟರೆ ಬಾಗಿಲು ಹೋಯಿತು. ಕೈಯಿಂದ ಕೈಗೆ ಹೋಗದ್ದು ಊರಿನದಲ್ಲ, ಬರಿಯ ಒಬ್ಬನ ಆಸೆ ಎಂದು ಹಿಂದಿನವರು ತಿಳಿದಿದ್ದರು. ಅದಕ್ಕೇ ಆ ಕಟ್ಟಳೆ.

ಯಾರಿಗೆ ಬಾಗಿಲು ಸಲ್ಲುತ್ತದೆಂದು ಸಂಜೆ ತೀರ್ಪು ಹೇಳುವವಳು ಬೆರಳಜ್ಜಿ. ಅವಳು ಕಾಗದದ ಮನೆಗೆ ಹೋದರೆ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಸಿಕೊಂಡು ಕಣ್ಣಿನಿಂದಷ್ಟೇ ನೋಡುತ್ತಿದ್ದಳು. ಲೋಹದ ಮನೆಗೆ ಹೋದರೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೆರಳಿನಿಂದಷ್ಟೇ ಮುಟ್ಟುತ್ತಿದ್ದಳು.

ಊರಿನವರಿಗೆ ಕಾಗದದ ಮೇಲೆ ಮೋಹ ಹೆಚ್ಚು. ಅದರಲ್ಲೂ ಚೀಟಿಮನೆಯ ಯಜಮಾನನ ಪುಸ್ತಕದ ಮೇಲೆ. ಅದರ ಒಂದೊಂದು ಹಾಳೆಯಲ್ಲೂ ಉಗುರಿನಷ್ಟು ಉಗುರಿನಷ್ಟು ಲೋಕಗಳು. ಕೆಂಪು ಕೊಕ್ಕಿನ ಹಕ್ಕಿ, ಯಾರೂ ನೋಡಿರದ ಸಮುದ್ರದ ಹಡಗು, ಹಿಮದ ಬೆಟ್ಟ, ಕಿರೀಟವಿಟ್ಟ ಹೆಂಗಸು. ಯಜಮಾನ ದಿನಾ ಮಧ್ಯಾಹ್ನ ಊಟವಾದ ಮೇಲೆ ಕೈ ತೊಳೆದು, ಒರೆಸಿ, ಮತ್ತೆ ಬಿಸಿಲಲ್ಲಿ ಒಣಗಿಸಿ, ಚಿಮುಟದಿಂದ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಕತ್ತು ಉದ್ದ ಮಾಡುತ್ತಿದ್ದಳು.

"ಬಾ, ನೋಡು. ಅಲ್ಲೇ ನಿಲ್ಲು, ಅಲ್ಲೇ. ಕೈ ಹಿಂದಿಟ್ಟುಕೋ. ನೀರು ತೊಟ್ಟಿಕ್ಕುತ್ತಿದೆ ನೋಡು, ಥೂ! ಕಣ್ಣಲ್ಲೇ ಮುಟ್ಟು."

"ಈ ಹಡಗು ಎಲ್ಲಿಗೆ ಹೋಗ್ತಿದೆ ಯಜಮಾನ್ರೇ?"

"ಹೋಗ್ತಿಲ್ಲ. ಬಂದಾಗಿದೆ. ಯಾರೋ ಯಾರಿಗೋ ಏನೋ ಬರೆದರು. ಬರೆದವರು ಹೋದರು, ಓದಿದವರು ಹೋದರು, ಬರೆದದ್ದೂ ಹೋಯಿತು. ಹಡಗು ಮಾತ್ರ ಉಳೀತು."

ಹೀಗೆ ಹೇಳುವಾಗ ಅವನ ಮುಖ ಮಗುವಿನ ಮುಖವಾಗುತ್ತಿತ್ತು. ಅವನು ಅವಳನ್ನು ಹುಣಸೆಹಣ್ಣೇ ಎಂದು ಕರೆಯುತ್ತಿದ್ದ, ನಾಲ್ಕು ಮಾತಿಗೊಮ್ಮೆ ಹಂಗಿಸುತ್ತಿದ್ದ. ಆದರೂ ಊರಲ್ಲಿ ತನಗೆ ಏನನ್ನಾದರೂ ತೋರಿಸಿದವನು ಅವನೊಬ್ಬನೇ ಎಂಬುದನ್ನು ಅವಳು ಮರೆಯಲಿಲ್ಲ.

ಒಂದು ವರ್ಷ ಅಂಗೈ ಹಬ್ಬದ ದಿನ ಅವಳು ಬೇಗ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಅವನ ಜಗಲಿಯ ಮುಂದಿನ ಸಾಲಿನಲ್ಲಿ ನಿಂತಳು. ಇವತ್ತು ಅವನು ಇಲ್ಲ ಎನ್ನುವಂತಿರಲಿಲ್ಲ. ಸಾಲು ಸರಿಯುತ್ತಾ ಬಂತು. ಅವಳ ಮುಂದಿದ್ದ ಎಣ್ಣೆಗಾಣದವನು ಹಕ್ಕಿಯನ್ನು ಕೇಳಿದ. ಯಜಮಾನ ಇಟ್ಟ. ಎಣ್ಣೆಯ ಬೆರಳು ಹಕ್ಕಿಯ ರೆಕ್ಕೆಯ ಮೇಲೆ ಒಂದು ಮೋಡ ಮೂಡಿಸಿತು. ಹಿಂತಿರುಗಿ ಬಂದ ಹಕ್ಕಿಯ ಅಂಚಿನ ಎರಡು ಹಲ್ಲು ಮುರಿದಿತ್ತು. ಯಜಮಾನ ಅದನ್ನು ಚಿಮುಟದಿಂದ ಎತ್ತಿ ಹಾಳೆಗೆ ಸೇರಿಸಿದ. ಅವಳ ಸರದಿ ಬಂತು. ಅವನು ಅವಳ ಕೈಯನ್ನು ನೋಡಿದ.

"ಕೇಳು," ಎಂದ.

"ಏನಿಲ್ಲ ಯಜಮಾನ್ರೇ. ಮಧ್ಯಾಹ್ನಕ್ಕೆ ಮಜ್ಜಿಗೆ ತರಲಾ ಅಂತ ಕೇಳೋಕೆ ಬಂದೆ," ಎಂದು ಅವಳು ಅಂಗೈ ಮಡಚಿಕೊಂಡು ಹಿತ್ತಿಲಿಗೆ ಹೋದಳು. ನೋಡುವುದಕ್ಕೆಂದೇ ಹುಟ್ಟಿದ್ದನ್ನು ಮುಟ್ಟಿ ತಾನೊಬ್ಬಳು ಸವೆಸಬೇಕೆ ಎಂದು ಅವಳಿಗೆ ಅನಿಸಿತ್ತು. ಅವತ್ತೇ ಅವಳು ಲೋಹವನ್ನು ಆರಿಸಿಕೊಂಡದ್ದು.

ಮೊದಲ ನಾಣ್ಯ ಸಿಕ್ಕಿದ್ದು ಬೂದಿಗುಡ್ಡೆಯಲ್ಲಿ. ಪಾತ್ರೆ ತಿಕ್ಕಲು ಹಿಡಿ ಬೂದಿ ತೆಗೆದರೆ ಬೆರಳಿಗೆ ದುಂಡಗೆ ಏನೋ ತಗಲಿತು. ಅಂಗಡಿಯಲ್ಲಿ ನಡೆಯದ, ಕಪ್ಪು ಹಿಡಿದ ತಾಮ್ರದ ಬಿಲ್ಲೆ. ಅವಳು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಮೊದಲು ತಣ್ಣಗಿತ್ತು. ಎರಡು ಉಸಿರು ಬಿಡುವಷ್ಟರಲ್ಲಿ ಅವಳ ಮೈಯಷ್ಟೇ ಬೆಚ್ಚಗಾಯಿತು. ಬೇರೆ ಯಾವುದೂ ಅವಳ ಕೈಗೆ ಅಷ್ಟು ಬೇಗ ಒಗ್ಗಿರಲಿಲ್ಲ.

ಆಮೇಲೆ ನಾಣ್ಯಗಳೇ ಅವಳನ್ನು ಹುಡುಕಿಕೊಂಡು ಬಂದವು. ಹೊಳೆಯ ಮೆಟ್ಟಿಲ ಸಂದಿಯಿಂದ ಒಂದು ಬಂತು. ಸೀದ ತಪ್ಪಲೆಯ ತಳದಿಂದ ಒಂದು ಬಂತು. ಬಾವಿಯ ಹೂಳು ತೆಗೆದಾಗ ನಾಲ್ಕು ಬಂದವು. ತೂತಿರುವುದು, ಮೂಲೆಯಿರುವುದು, ಅಂಚು ಅಲೆಅಲೆಯಾಗಿರುವುದು. ಅವುಗಳ ಮೇಲೆ ಏನೋ ಬರೆದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಅವಳು ನಾಣ್ಯವನ್ನು ಹುಣಸೆಯ ಉಂಡೆಗೆ ಒತ್ತಿ, ಮೂಡಿದ ಅಚ್ಚನ್ನು ಬೀದಿಯಲ್ಲಿ ಸಿಕ್ಕವರಿಗೆ ತೋರಿಸಿ, "ಇದೇನು?" ಎಂದು ಕೇಳುತ್ತಿದ್ದಳು. ಊರಿನ ಮೇಷ್ಟ್ರು ನೋಡಿ ಹೊಟ್ಟೆ ಹಿಡಿದು ನಕ್ಕರು.

"ತಾಯಿ, ಒತ್ತಿದರೆ ಅಕ್ಷರ ತಿರುಗುತ್ತೆ. ನೀನು ಕಲೀತಿರೋದು ಕನ್ನಡಿಯೊಳಗಿನವರ ಬರಹ!"

ಅವಳಿಗೆ ಅವಮಾನವಾಯಿತು. ಆದರೆ ಅಷ್ಟು ಹೊತ್ತಿಗೆ ಅವಳು ಹದಿನೆಂಟು ಅಕ್ಷರ ತಿರುಗುಮುರುಗಾಗಿ ಕಲಿತಾಗಿತ್ತು. ಮನೆಗೆ ಹೋಗಿ ಒಂದೊಂದನ್ನೂ ಮತ್ತೆ ಈ ಕಡೆ ತಿರುಗಿಸಿ ಕಲಿತಳು. ಬೇರೆಯವರು ಒಂದು ಸಲ ಕಲಿಯುವುದನ್ನು ಅವಳು ಎರಡು ಸಲ ಕಲಿತಳು, ಅದಕ್ಕೇ ಅದು ಅವಳಿಂದ ಮತ್ತೆ ಹೋಗಲಿಲ್ಲ. ಏಳು ವರ್ಷದಲ್ಲಿ ನಲವತ್ತು ನಾಣ್ಯವಾಯಿತು. ಆ ನಲವತ್ತೂ ನಾಣ್ಯಗಳ ಮೇಲಿನ ಬರಹವನ್ನು ಅವಳು ಬೆರಳಿಟ್ಟು ಓದಬಲ್ಲವಳಾದಳು.

ಆ ವರ್ಷ ಅಂಗೈ ಹಬ್ಬಕ್ಕೆ ಅವಳೂ ಕೂರುವುದೆಂದಾಯಿತು. ಅವಳಿಗೆ ಜಗಲಿಯಿರಲಿಲ್ಲ, ಚೌಕಟ್ಟಿನ ಮುಂದೆ ಒಂದು ಹಲಗೆ ಹಾಕಿಕೊಂಡಳು. ಹಬ್ಬದ ಹಿಂದಿನ ದಿನ, ತನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನು ಅವಳು ತನ್ನ ನಾಣ್ಯಗಳಿಗೂ ಮಾಡಿದಳು. ಹಣ್ಣಾದ ಹುಣಸೆ ನೆನೆಸಿದಳು, ಜರಡಿ ಹಿಡಿದ ಬೂದಿ ತಂದಳು, ತೆಂಗಿನ ನಾರು ಮೆತ್ತಗೆ ಮಾಡಿಕೊಂಡಳು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಯಾರ ಪಾತ್ರೆಗೂ ಅಷ್ಟು ಪ್ರೀತಿ ಹಾಕಿರಲಿಲ್ಲ. ಬೆಳಗಾದಾಗ ನಲವತ್ತು ಬಿಲ್ಲೆಗಳು ನಲವತ್ತು ಪುಟ್ಟ ಸೂರ್ಯರ ಹಾಗೆ ಹಲಗೆಯ ಮೇಲೆ ಉರಿಯುತ್ತಿದ್ದವು.

ಜನ ಬಂದರು, ಕಣ್ಣು ಕಿರಿದು ಮಾಡಿ ನೋಡಿದರು, ಹಿಡಿದರು, ಹಿಂತಿರುಗಿಸಿದರು. ಸಂಜೆ ಬೆರಳಜ್ಜಿ ಬಂದು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಳು. ಒಂದನ್ನು ಎತ್ತಿ ಸವರಿದಳು. ಇಟ್ಟಳು. ಇನ್ನೊಂದನ್ನು ಸವರಿದಳು. ಇಟ್ಟಳು. ನಲವತ್ತನ್ನೂ ಸವರಿ ಮುಗಿಸಿ ಬಟ್ಟೆ ಬಿಚ್ಚಿದಳು.

"ಇವು ಯಾವಾಗ ಹುಟ್ಟಿದವು ಮಗಳೇ?"

"ನೂರು ವರ್ಷದ್ದಿದೆ ಅಜ್ಜಿ. ಇನ್ನೂರರದ್ದೂ ಇದೆ. ಬೇಕಾದರೆ ಓದಿ ಹೇಳ್ತೀನಿ."

"ಇಲ್ಲವಲ್ಲ. ಎಲ್ಲಾ ಇವತ್ತು ಬೆಳಿಗ್ಗೆ ಹುಟ್ಟಿವೆ."

ಸುತ್ತ ನಿಂತವರು ನಕ್ಕರು. ಬಾಗಿಲ ಬಡಗಿ ಅಳತೆಕೋಲನ್ನು ಮತ್ತೆ ಕಂಕುಳಿಗೆ ಸೇರಿಸಿದ. ಅಜ್ಜಿ ನಗಲಿಲ್ಲ. ಅವಳ ಕೈ ಹಿಡಿದುಕೊಂಡು, ಹುಣಸೆಹುಳಿಗೆ ಬಿರುಕು ಬಿಟ್ಟ ಬೆರಳುಗಳನ್ನು ಒಂದೊಂದಾಗಿ ನೀವಿದಳು.

"ಅದರ ಮೇಲಿದ್ದ ಕಪ್ಪು ಕೊಳೆ ಅಂತ ತಿಳಿದೆಯಲ್ಲೇ. ಅದು ಕೊಳೆಯಲ್ಲ, ಅದರ ವಯಸ್ಸು. ಎಷ್ಟು ಕೈಯ ಬೆವರು, ಎಷ್ಟು ಸೊಂಟದ ಶಾಖ. ಒಂದು ದಿನದಲ್ಲಿ ಎಲ್ಲ ತೊಳೆದು ಚರಂಡಿಗೆ ಬಿಟ್ಟೆ."

"ಹಾಗಾದರೆ ಮುಗೀತಾ ಅಜ್ಜಿ?"

"ಕಾಗದವಾಗಿದ್ದರೆ ಮುಗೀತಿತ್ತು. ಇದು ಲೋಹ. ಕೈಗಳು ಕೊಟ್ಟದ್ದನ್ನು ಕೈಗಳು ಮತ್ತೆ ಕೊಡುತ್ತವೆ. ಆದರೆ ನಿನ್ನೊಬ್ಬಳ ಕೈ ಸಾಲದು, ಒಂದೆರಡು ವರ್ಷವೂ ಸಾಲದು. ಒಂಬತ್ತು ಹಬ್ಬವಾದರೂ ಬೇಕು."

ಅವಳು ಅಳಲಿಲ್ಲ. ಬಾಗಿಲಿಲ್ಲದ ಮನೆಯಲ್ಲಿ ಅಳುವುದು ಅವಳಿಗೆ ಹಿಡಿಸುತ್ತಿರಲಿಲ್ಲ. ಮಾರನೆಯ ದಿನ ನಲವತ್ತು ನಾಣ್ಯಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬೀದಿಗಿಳಿದಳು. ದೋಣಿಯವನಿಗೆ ಒಂದು ಕೊಟ್ಟಳು. ಬಳೆಗಾರತಿಗೆ ಒಂದು ಕೊಟ್ಟಳು. ಸೂಲಗಿತ್ತಿಗೆ, ಕುಂಬಾರನಿಗೆ, ಗಂಟೆ ಎರಕದವನಿಗೆ, ಎಣ್ಣೆಗಾಣದವನಿಗೆ, ಹೂ ಕಟ್ಟುವವಳಿಗೆ ಒಂದೊಂದು. ಪ್ರತಿಯೊಬ್ಬರ ಅಂಗೈಯನ್ನೂ ತಾನೇ ಬಿಡಿಸಿ, ನಾಣ್ಯ ಇಟ್ಟು, ಬೆರಳು ಮಡಚಿ, ಒಂದೇ ಮಾತು ಹೇಳಿದಳು: "ಕೈಯಲ್ಲಿಟ್ಟುಕೊಳ್ಳಿ. ಇಲ್ಲಿಂದ ಒಂಬತ್ತನೇ ಅಂಗೈ ಹಬ್ಬದ ದಿನ ನೀವೇ ತಂದುಕೊಡಿ."

ಅವಳ ಅಕ್ಕ ಬೀದಿಯ ನಡುವೆ ಅವಳ ಸೆರಗು ಹಿಡಿದು ಜಗ್ಗಿದಳು. "ತಲೆ ಕೆಟ್ಟಿದೆಯೇನೇ ನಿನಗೆ? ಏಳು ವರ್ಷ ಕೂಡಿಸಿದ್ದನ್ನ ಊರಿಗೆ ಹಂಚ್ತಿದ್ದೀಯಲ್ಲ! ಯಾರು ತಂದು ಕೊಡ್ತಾರೆ? ಆ ದೋಣಿಯವನಿಗೆ ತನ್ನ ಹುಟ್ಟು ಎಲ್ಲಿಟ್ಟೆ ಅಂತ ನೆನಪಿರಲ್ಲ!"

"ನೆನಪಿರೋ ಹಾಗೆ ನಿನಗೂ ಒಂದು ಕೊಡ್ತೀನಿ, ಹಿಡಿ."

"ನನಗ್ಯಾಕೆ ನಿನ್ನ ಬಿಲ್ಲೆ..." ಎಂದಳು ಅಕ್ಕ, ಅನ್ನುತ್ತಲೇ ಕುಪ್ಪಸದೊಳಗೆ ಸೇರಿಸಿಕೊಂಡಳು.

ಕೊನೆಯದೊಂದು ಉಳಿದಿತ್ತು. ಚೀಟಿಮನೆಯ ಯಜಮಾನ ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದ. "ಏನೇ ಹುಣಸೆಹಣ್ಣೇ, ನನ್ನನ್ನೊಬ್ಬನನ್ನ ಬಿಟ್ಟೆಯಲ್ಲ. ತಾ ಇಲ್ಲಿ," ಎಂದು ಒಣಗಿದ ತನ್ನ ಕೈ ಚಾಚಿದ. ಅವಳು ಇಟ್ಟಳು. ಕಾಗದದ ಮನೆಯೊಳಗೆ ಲೋಹ ಹೋಗುವಂತಿರಲಿಲ್ಲ, ಹಾಗಾಗಿ ಅವನು ಅದನ್ನು ಹೊಸ್ತಿಲ ಹೊರಗೆ, ಜಗಲಿಯ ದೀಪದ ಗೂಡಿನಲ್ಲಿ ಇಟ್ಟ. ದಿನಾ ಮಧ್ಯಾಹ್ನ ಜಗಲಿಗೆ ಬಂದು ಕೂತಾಗ ಅದನ್ನು ತೆಗೆದು ಹೆಬ್ಬೆರಳಿನಿಂದ ನೀವುತ್ತಾ ಬೀದಿ ನೋಡುವುದು ಅವನ ರೂಢಿಯಾಯಿತು. "ಸುಮ್ಮನೆ, ಹೊತ್ತು ಹೋಗಲಿ ಅಂತ," ಎನ್ನುತ್ತಿದ್ದ, ಯಾರೂ ಕೇಳದಿದ್ದರೂ.

ಒಂದು ವರ್ಷ ಹೋಯಿತು, ಎರಡು ಹೋಯಿತು. ಅವಳ ಮನೆಯಲ್ಲಿ ಒಂದೂ ನಾಣ್ಯವಿರಲಿಲ್ಲ. ಆದರೆ ಬೀದಿಯಲ್ಲಿ ನಡೆದರೆ ಅವಳ ನಾಣ್ಯಗಳು ಎಲ್ಲೆಲ್ಲೂ ಇದ್ದವು. ದೋಣಿಯವನು ಆಚೆ ದಡದಿಂದ ಸೊಂಟ ತಟ್ಟಿ ತೋರಿಸುತ್ತಿದ್ದ. ಸೂಲಗಿತ್ತಿ ಹೆರಿಗೆಯ ಹೆಂಗಸರ ಕೈಗೆ ಅದನ್ನು ಕೊಟ್ಟು, ನೋವು ಬಂದಾಗ ಹಿಡಿದುಕೋ ಎನ್ನುತ್ತಿದ್ದಳಂತೆ. ಮೊದಲೆಲ್ಲ ಅವಳನ್ನು ಕಂಡರೂ ಕಾಣದವರ ಹಾಗೆ ಹೋಗುತ್ತಿದ್ದವರು ಈಗ ನಿಂತು ಎರಡು ಮಾತಾಡುತ್ತಿದ್ದರು. ಯಾರದೋ ಒಂದು ವಸ್ತುವನ್ನು ಮೈಮೇಲೆ ಇಟ್ಟುಕೊಂಡ ಮೇಲೆ ಅವರನ್ನು ಕಾಣದೆ ಹೋಗುವುದು ಕಷ್ಟ.

ಅಷ್ಟೂ ವರ್ಷ ಯಜಮಾನನ ಪುಸ್ತಕ ಮಾತ್ರ ತೆಳ್ಳಗಾಗುತ್ತಾ ಬಂತು. ಪ್ರತಿ ಹಬ್ಬಕ್ಕೂ ಒಂದು ಚೀಟಿ ಹರಿಯಿತು, ಒಂದರ ಬಣ್ಣ ಬೆರಳಿಗೆ ಹತ್ತಿಕೊಂಡು ಹೋಯಿತು. ಐದನೆಯ ವರ್ಷ ಅವನ ಕೈಯೂ ನಡುಗತೊಡಗಿತು. ಒಂದು ಮಧ್ಯಾಹ್ನ ಚಿಮುಟ ಜಾರಿ, ಕಿರೀಟವಿಟ್ಟ ಹೆಂಗಸು ನಡುವೆ ಸೀಳಿಹೋದಳು. ಅವನು ಪುಸ್ತಕ ಮುಚ್ಚಿ, ಹಿತ್ತಿಲಿನ ಕಡೆ ತಿರುಗಿ ಕರೆದ.

"ಬಾ ಇಲ್ಲಿ. ಕೂತುಕೋ. ನನ್ನ ನಂತರ ಈ ಪುಸ್ತಕ ನೋಡಿಕೊಳ್ಳೋರು ಯಾರೂ ಇಲ್ಲ. ನೀನು ತಗೋ. ಈಗಿನಿಂದಲೇ. ಈ ಮನೆ, ಈ ಜಗಲಿ, ಈ ಬಾಗಿಲು. ನಿನಗೆ ಬೇಕಾಗಿದ್ದು ಬಾಗಿಲು ತಾನೆ?"

ಅವಳು ಬಾಗಿಲನ್ನು ನೋಡಿದಳು. ಹಲಸಿನ ಮರದ್ದು, ಜೇನಿನ ಬಣ್ಣ, ಒಳಗಡೆ ತೋಳುದ್ದದ ಅಗಳಿ. ಇವತ್ತು ಸಂಜೆಯೇ ಅದನ್ನು ಹಾಕಿಕೊಂಡು ಕೂರಬಹುದಿತ್ತು.

"ನನ್ನ ನಾಣ್ಯ?"

"ಬಿಟ್ಟುಬಿಡು. ಒಂದು ಹೊಸ್ತಿಲಿಗೆ ಒಂದೇ. ಅವು ವಾಪಸು ಬರ್ತವೆ ಅಂತ ನಂಬಿದ್ದೀಯೇನು?"

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹೇಳಿದಳು: "ಯಜಮಾನ್ರೇ, ನಿಮ್ಮ ಚೀಟಿ ನೋಡಿದರೆ ನನಗೆ ಎಲ್ಲಿಗೋ ಹೋಗಬೇಕು ಅನಿಸುತ್ತೆ. ನಾಣ್ಯ ಹಿಡಿದರೆ ಯಾರೋ ಬಂದಿದ್ದಾರೆ ಅನಿಸುತ್ತೆ. ನಾನು ಹೋಗೋಳಲ್ಲ. ನನ್ನ ಮನೆಗೆ ಯಾರಾದರೂ ಬರಬೇಕು, ನಾನು ಬಾಗಿಲು ತೆಗೀಬೇಕು. ಅದಕ್ಕೆ ನನ್ನದೇ ಬಾಗಿಲು ಬೇಕು."

"ಹಠಮಾರಿ," ಎಂದ ಅವನು.

"ಹೌದು," ಎಂದಳು. ಎದ್ದು ಹೋಗಿ ಮಿಕ್ಕ ಪಾತ್ರೆ ತಿಕ್ಕಿದಳು. ಅವತ್ತು ಮನೆಗೆ ಹೋಗುವಾಗ ಗಾಳಿ ಜೋರಾಗಿತ್ತು. ಚೌಕಟ್ಟಿನ ಸೀರೆ ಹಾರಿ, ಒಲೆ, ಚಾಪೆ, ಮಡಕೆ ಎಲ್ಲ ಬೀದಿಗೆ ಕಾಣುತ್ತಿತ್ತು. ತಾನು ಮಾಡಿದ್ದು ತಪ್ಪಾಯಿತೇನೋ ಎಂದು ಅವಳಿಗೆ ಅನಿಸಿದ್ದು ಅದೊಂದೇ ಸಂಜೆ.

ಒಂಬತ್ತನೆಯ ಅಂಗೈ ಹಬ್ಬ ಬಂತು. ಸೂರ್ಯ ಹುಟ್ಟುವಾಗ ಅವಳು ಬರಿ ಹಲಗೆಯ ಮೇಲೆ ಕೂತಳು. ಮೊದಲು ಬಂದವಳು ಅಕ್ಕ. ಕುಪ್ಪಸದಿಂದ ನಾಣ್ಯ ತೆಗೆದು ಹಲಗೆಯ ಮೇಲೆ ಟಪ್ಪೆಂದು ಇಟ್ಟಳು. "ತಗೋ. ಒಂಬತ್ತು ವರ್ಷ ಮೈ ಕಚ್ಚಿತು ಇದು," ಎಂದಳು, ಆದರೆ ಹೋಗಲಿಲ್ಲ, ಪಕ್ಕದಲ್ಲೇ ನಿಂತಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಅಂಗೈ ಮುಚ್ಚಿಕೊಂಡು ಬಂದರು, ಹಲಗೆಯ ಮುಂದೆ ಬಿಚ್ಚಿದರು. ನಾಣ್ಯಗಳು ಹೊಳೆಯುತ್ತಿರಲಿಲ್ಲ. ಒಂದು ಜೇನಿನ ಹಾಗೆ, ಒಂದು ಸಂಜೆಯ ಹಾಗೆ, ಒಂದು ಸುಟ್ಟ ಬೆಲ್ಲದ ಹಾಗೆ ಕಂದಿದ್ದವು.

ಕೆಲವರು ಬರಿಗೈಯಲ್ಲಿ ಬಂದರು. ಬಂದರು ಎಂಬುದೇ ದೊಡ್ಡದು.

"ನನ್ನವ್ವ ಹೋದಾಗ ಮನೆಯಲ್ಲಿ ಬೇರೆ ಕಾಸಿರಲಿಲ್ಲ ತಾಯಿ. ಅವಳ ಬಾಯಿಗೆ ಇಟ್ಟು ಕಳಿಸಿದೆ," ಎಂದ ಕುಂಬಾರ.

"ಒಳ್ಳೇದಾಯ್ತು ಬಿಡಪ್ಪ," ಎಂದಳು ಅವಳು.

ಗಂಟೆ ಎರಕದವನು ತಲೆ ಕೆರೆದುಕೊಂಡ. "ತಾಮ್ರ ಒಂದು ಚೂರು ಕಮ್ಮಿ ಬಿತ್ತು. ನಿನ್ನದೂ ಹಾಕಿಬಿಟ್ಟೆ. ಬೆಳಿಗ್ಗೆ ಗಂಟೆ ಕೇಳಿದೆಯಲ್ಲ, ಅದರೊಳಗಿದೆ." ದೋಣಿಯವನದು ಹೊಳೆಗೆ ಬಿದ್ದಿತ್ತು. ಅವನು ಮೂರು ದಿನ ಮುಳುಗಿ ಹುಡುಕಿದ್ದನಂತೆ. ಬಳೆಗಾರತಿ ಊರನ್ನೇ ಬಿಟ್ಟು ಹೋಗಿದ್ದಳು. ಇಬ್ಬರು ಸತ್ತುಹೋಗಿದ್ದರು. ಉಳಿದ ನಾಲ್ವರು ಅವಳ ಕಣ್ಣಿಗೇ ಬೀಳಲಿಲ್ಲ.

ಮಧ್ಯಾಹ್ನ ದಾಟಿತು. ಊರೆಲ್ಲ ಅವಳ ಹಲಗೆಯ ಸುತ್ತ ನೆರೆದಿತ್ತು. ತಂದುಕೊಟ್ಟವರೇ ಮತ್ತೆ ಅಂಗೈ ಚಾಚಿ "ಕೊಡಿ" ಎಂದು, ಬೇರೆಯವರು ತಂದದ್ದನ್ನು ಹಿಡಿದು, ಇದು ಯಾರ ಕೈಯದು, ಇದು ಎಲ್ಲೆಲ್ಲಿಗೆ ಹೋಗಿತ್ತು ಎಂದು ವಿಚಾರಿಸುತ್ತಿದ್ದರು. ಅವಳು ಎಣಿಸಿದಳು. ಇಪ್ಪತ್ತೊಂಬತ್ತು. ಮತ್ತೆ ಎಣಿಸಿದಳು. ಇಪ್ಪತ್ತೊಂಬತ್ತು. ಸೂರ್ಯ ಬೀದಿಯ ತುದಿಯ ಮರದ ತಲೆಗೆ ಬಂದಿದ್ದ. ಮೂವತ್ತನೆಯದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಅದು ಚೀಟಿಮನೆಯ ಜಗಲಿಯ ಗೂಡಿನಲ್ಲಿತ್ತು. ಯಜಮಾನ ಇವತ್ತು ಆ ಜಗಲಿಯಿಂದ ಇಳಿಯುವಂತಿರಲಿಲ್ಲ. ಕೊಟ್ಟವರ ಕೈಗೆ ಹಿಡಿದವರೇ ತಂದು ಕೊಡಬೇಕು, ಬೇರೆಯವರ ಮೂಲಕ ಕಳಿಸುವಂತಿರಲಿಲ್ಲ. ಅವನಿಗೆ ಅವತ್ತು ಕೊಡುವಾಗ ಅವಳು ಇದನ್ನು ಯೋಚಿಸಿರಲೇ ಇಲ್ಲ.

"ಹೇಳಿದ್ದೆನಲ್ಲೇ," ಎಂದಳು ಅಕ್ಕ. ಅವಳ ದನಿಯಲ್ಲಿ ಈ ಸಲ ಗೆಲುವಿರಲಿಲ್ಲ.

ಆಗ ಬೀದಿಯ ಆ ತುದಿಯಲ್ಲಿ ಮಾತು ನಿಂತಿತು. ಜನ ಎರಡು ಕಡೆಗೆ ಸರಿದರು. ಯಜಮಾನ ಬರುತ್ತಿದ್ದ. ಬಹಳ ವರ್ಷದಿಂದ ಬೀದಿಯ ಮಣ್ಣು ತುಳಿಯದವನ ಹಾಗೆ ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತಿದ್ದ. ಒಂದು ಕಂಕುಳಲ್ಲಿ ಪುಸ್ತಕ, ಇನ್ನೊಂದು ಕೈ ಮುಷ್ಟಿ.

"ಇಳಿದುಬಿಟ್ರಾ!" ಅವಳು ಹಲಗೆಯ ಮೇಲೇ ಅರ್ಧ ಎದ್ದಳು, ಆಮೇಲೆ ನೆನಪಾಗಿ ಕೂತಳು. "ಏನು ಕೆಲಸ ಇದು? ಹೋಗಿ, ವಾಪಸು ಹೋಗಿ! ಯಾರೂ ನೋಡಿಲ್ಲ."

"ಊರೇ ಇಲ್ಲಿದೆ. ಯಾರು ನೋಡಿಲ್ಲ?" ಅವನು ಏದುಸಿರು ಬಿಡುತ್ತಿದ್ದ. "ಬೆಳಗಿನಿಂದ ಒಬ್ಬರೂ ಬರಲಿಲ್ಲ ಕಣೇ. ಒಬ್ಬರೂ ಕೊಡಿ ಅನ್ನಲಿಲ್ಲ. ಮೊದಮೊದಲು ಖುಷಿಯಾಯಿತು, ಈ ವರ್ಷ ಒಂದೂ ಹರಿಯಲಿಲ್ಲ ಅಂತ. ಮಧ್ಯಾಹ್ನದ ಹೊತ್ತಿಗೆ ಹೆದರಿಕೆಯಾಯಿತು. ಅಷ್ಟು ಚಂದದ್ದನ್ನೆಲ್ಲ ಹರಡಿಕೊಂಡು ಒಬ್ಬನೇ ಕೂತಿದ್ದೆ. ಕೈಯಲ್ಲಿ ಇದೊಂದು ಬೆಚ್ಚಗಿತ್ತು."

ಮುಷ್ಟಿ ಬಿಚ್ಚಿದ.

ಅವಳು ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು. "ನನಗೆ ಬೇಡ. ಇಷ್ಟು ಬೆಲೆಗೆ ನನಗೆ ಬಾಗಿಲು ಬೇಡ."

"ನೋಡು, ನಿನ್ನ ಹಠ ನನ್ನ ಹತ್ತಿರ ಬೇಡ. ಕಾಲು ಕೆಳಗಿಟ್ಟದ್ದಾಯಿತು. ನೀನು ತಗೊಂಡರೂ ನನ್ನ ಬಾಗಿಲು ಹೋಯಿತು, ತಗೊಳ್ಳದಿದ್ದರೂ ಹೋಯಿತು. ಬರಿದೇ ಹೋಗೋದು ಬೇಡ."

ಸೂರ್ಯ ಮರದ ಕೊಂಬೆಗಳ ನಡುವೆ ಇಳಿಯುತ್ತಿದ್ದ. ಅವಳು ಅಂಗೈ ಚಾಚಿದಳು. ಅವನು ಇಟ್ಟ. ತನ್ನ ಬೆರಳುಗಳಿಂದ ಅವಳ ಬೆರಳು ಮಡಚಿದ.

ಬೆರಳಜ್ಜಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಳು. ಒಂದೊಂದನ್ನೂ ಸವರಿ ತಲೆಯಾಡಿಸಿದಳು. ಕೊನೆಯದರ ಮೇಲೆ ಅವಳ ಬೆರಳು ನಿಂತಿತು.

"ಇದು ಬೇರೆ. ಉಳಿದವು ಹತ್ತಾರು ಕೈ ಕಂಡಿವೆ. ಇದನ್ನು ಒಬ್ಬನೇ ಹಿಡಿದಿದ್ದಾನೆ. ಒಂದೇ ಕಡೆ ಸವೆದಿದೆ, ಹೆಬ್ಬೆರಳು ಇಟ್ಟ ಕಡೆ." ಬಟ್ಟೆ ಬಿಚ್ಚಿ ಹೇಳಿದಳು: "ಮೂವತ್ತು."

ತೆಗೆದ ಬಾಗಿಲನ್ನು ನೆಲದ ಮೇಲೆ ಮಲಗಿಸುವಂತಿಲ್ಲ, ಆ ದಿನ ಯಾರಿಗೆ ಬಾಗಿಲು ದಕ್ಕಿತೋ ಅವರ ಚೌಕಟ್ಟಿಗೇ ಅದು ಹೋಗಬೇಕು. ಬಡಗಿ ನಾಲ್ಕು ಜನರ ಹೆಗಲ ಮೇಲೆ ಯಜಮಾನನ ಹಲಸಿನ ಬಾಗಿಲನ್ನು ತಂದ. ಚೌಕಟ್ಟಿಗೆ ಇಟ್ಟು ನೋಡಿದರೆ ಬಾಗಿಲು ನಾಲ್ಕು ಬೆರಳು ಹೆಚ್ಚು ಅಗಲ. ಗರಗಸ ತೆಗೆದ.

"ಅದಕ್ಕೆ ಗರಗಸ ಇಟ್ಟರೆ ನಿನ್ನ ಕೈ ಮುರಿದೇನು," ಎಂದಳು ಅವಳು. "ನನ್ನ ಗೋಡೆ ಒಡಿ."

ಗೋಡೆ ಒಡೆದರು. ಚೌಕಟ್ಟು ಅಗಲಿಸಿದರು. ಬಾಗಿಲು ಕೂತಿತು.

ತನ್ನ ಮನೆಗೇ ಬಂದು ಇದ್ದುಬಿಡಿ ಎಂದು ಅವಳು ಯಜಮಾನನನ್ನು ಕೇಳಿದಳು. "ಪುಸ್ತಕ ಎಲ್ಲಿಡಲಿ? ಒಂದು ಹೊಸ್ತಿಲಿಗೆ ಒಂದೇ," ಎಂದ ಅವನು. ಹಠದಲ್ಲಿ ಅವನೂ ಕಡಿಮೆಯಿರಲಿಲ್ಲ. ಈಗ ಅವನು ದಿನಾ ಮಧ್ಯಾಹ್ನ ಪುಸ್ತಕ ಹಿಡಿದುಕೊಂಡು ಬಂದು, ಅವಳು ಹೊಸದಾಗಿ ಕಟ್ಟಿಸಿದ ಜಗಲಿಯ ಮೇಲೆ, ಹೊಸ್ತಿಲ ಹೊರಗೆ ಕೂರುತ್ತಾನೆ. ಬಾಗಿಲಿಲ್ಲದವನ ಚೀಟಿಯನ್ನು ಹಬ್ಬದ ದಿನ ಯಾರೂ ಕೇಳುವಂತಿಲ್ಲ. ಹಡಗಿನ ಬಣ್ಣ ಇನ್ನು ಮಾಸುವುದಿಲ್ಲ. ಅವನು ಹಾಳೆ ತಿರುಗಿಸುತ್ತಾನೆ, ಅವಳು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾಳೆ, ನೋಡಿ ನೋಡಿ ಎಲ್ಲಿಗೋ ಹೋಗಿ ಬರುತ್ತಾಳೆ. ಆಮೇಲೆ ಅವನು ಕೈ ಚಾಚುತ್ತಾನೆ. ಅವಳು ಒಳಗೆ ಹೋಗಿ, ಒಂದು ಕಡೆ ಸವೆದ ಆ ನಾಣ್ಯವನ್ನು ತಂದು ಅವನ ಅಂಗೈಯಲ್ಲಿ ಇಡುತ್ತಾಳೆ. ಸಂಜೆಯಾದರೆ ಅವನು ಅದನ್ನು ಹಿಂತಿರುಗಿಸಿ ಮನೆಗೆ ಹೋಗುತ್ತಾನೆ. ಅವನು ಬೀದಿ ತಿರುಗುವವರೆಗೆ ನಿಂತಿದ್ದು, ಅವಳು ಒಳಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಾಳೆ.

ಅವಳಿಗೆ ಈಗ ಮೂವತ್ತು ನಾಣ್ಯಗಳಿವೆ, ಅಗಲವಾದ ಚೌಕಟ್ಟಿದೆ, ಹಲಸಿನ ಬಾಗಿಲಿದೆ. ಅದಕ್ಕೆ ಅವಳು ಹದಿನಾರು ವರ್ಷ ಕೊಟ್ಟಳು, ಹಿಂತಿರುಗಿ ಬಾರದ ಹತ್ತು ನಾಣ್ಯ ಕೊಟ್ಟಳು, ಒಂದು ಗೋಡೆಯನ್ನೂ ಕೊಟ್ಟಳು. ಮಿಕ್ಕ ಬೆಲೆ ಒಂದು ಬಾಗಿಲು. ಅದನ್ನು ಕೊಟ್ಟವಳು ಅವಳಲ್ಲ.